2,312 ಫೈಲ್‌ಗಳಲ್ಲಿ ಒಂದೇ ಸಲ ಊರ ಹೆಸರು ಬದಲಿಸಿದೆ, ‘ಕಲಬುರಗಿಾ’ ಅಂತ ಬಂದಿದೆ. ಸರಿ ಮಾಡೋದು ಹೇಗೆ?

ಗಾಂಧಿಬಜಾರ್ ಗೂಡು · ಭಾನುವಾರ ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ. ನಾವು ಬಸವನಗುಡಿಯಲ್ಲಿ ನಾಲ್ಕೈದು ಜನ ಸೇರಿ ಹಳೆಯ ಕನ್ನಡ ಬರಹಗಳನ್ನು ಟೈಪ್ ಮಾಡಿ ಇಡುತ್ತಿದ್ದೇವೆ. ಪ್ರವಾಸದ ಬರಹ, ಊರ ಪರಿಚಯ, ಜಾತ್ರೆ, ಸಂತೆ, ಇಂಥವು. ಇಲ್ಲಿಯವರೆಗೆ 2,312 ಸಾದಾ ಟೆಕ್ಸ್ಟ್ ಫೈಲ್ ಆಗಿವೆ. ಪ್ರತಿ ಫೈಲ್‌ನ ಮೇಲ್ಗಡೆ ‘ಊರು:’ ಅಂತ ಒಂದು ಸಾಲು, ಅದರ ಕೆಳಗೆ ನಾವು ಬರೆದ ಚಿಕ್ಕ ಪರಿಚಯ, ಆಮೇಲೆ ನಾಲ್ಕು ಅಡ್ಡಗೆರೆ, ಅದಾದ ಮೇಲೆ ಮೂಲ ಬರಹ.

ಒಂದು ಕಡೆ ಗುಲ್ಬರ್ಗ, ಇನ್ನೊಂದು ಕಡೆ ಕಲಬುರಗಿ ಅಂತ ಇದ್ದರೆ ಹುಡುಕುವವರಿಗೆ ಅರ್ಧ ಮಾತ್ರ ಸಿಗುತ್ತದೆ. ಅದಕ್ಕೆ 2014ರ ನವೆಂಬರ್ 1ರಿಂದ ಜಾರಿಗೆ ಬಂದ ಹೆಸರುಗಳನ್ನೇ ಎಲ್ಲ ಕಡೆ ಇಡೋಣ ಅಂತ ತೀರ್ಮಾನ ಮಾಡಿದೆವು. ನಿನ್ನೆ ರಾತ್ರಿ ಉಬುಂಟು (ಲಿನಕ್ಸ್) ಲ್ಯಾಪ್‌ಟಾಪ್‌ನಲ್ಲಿ ಫೈಲ್ ಹುಡುಕುವ ಫೈಂಡ್ ಕಮ್ಯಾಂಡ್ ಕೊಟ್ಟು, ಸಿಕ್ಕಿದ ಎಲ್ಲ ಫೈಲ್‌ಗಳ ಮೇಲೂ ಪದ ಬದಲಿಸುವ ಸೆಡ್ ಓಡಿಸಿದೆ. ನಿಯಮ ಎರಡೇ, ಮೊದಲ ಪದ ಇರುವ ಕಡೆಯೆಲ್ಲ ಎರಡನೆಯದು ಹಾಕು ಅಂತ. ಎಸ್/ಗುಲ್ಬರ್ಗ/ಕಲಬುರಗಿ/ಜಿ. ಎಸ್/ಬಿಜಾಪುರ/ವಿಜಯಪುರ/ಜಿ. ಫೈಲ್‌ನಲ್ಲೇ ಬದಲಾಗಲಿ ಅಂತ ಹೈಫನ್ ಐ ಕೂಡ ಹಾಕಿದ್ದೆ. ಹತ್ತು ಸೆಕೆಂಡ್ ಕೂಡ ಹಿಡಿಯಲಿಲ್ಲ.

ಬೆಳಿಗ್ಗೆ ತೆಗೆದು ನೋಡಿದರೆ ‘ಕಲಬುರಗಿಾ ಜಿಲ್ಲೆ’ ಅಂತ ಇದೆ. ಆ ಕೊನೆಯ ಗುರುತಿನ ಪಕ್ಕ ಚುಕ್ಕಿ ಚುಕ್ಕಿಯ ಉಂಗುರ ಕಾಣುತ್ತಿದೆ. ಇನ್ನೊಂದು ಕಡೆ ‘ಕಲಬುರಗಿಕ್ಕೆ ಹೋಗುವ ರೈಲು’. ಮತ್ತೊಂದು ಕಡೆ ‘ಕಲಬುರಗಿದಲ್ಲಿ ಬಿಸಿಲು’. ಪೆನ್‌ಡ್ರೈವ್‌ನಲ್ಲಿ 12 ದಿನ ಹಳೆಯ ಪ್ರತಿ ಇದೆ. ಆದರೆ ಈ 12 ದಿನದಲ್ಲಿ ನಮ್ಮ ಕರಡು ತಿದ್ದುವ ಮೇಡಂ 38 ಫೈಲ್ ತಿದ್ದಿದ್ದಾರೆ. ಅವರಿಗೆ 70 ದಾಟಿದೆ. ಭೂತಗನ್ನಡಿ ಹಿಡಿದು ಸಾಲು ಸಾಲು ನೋಡುತ್ತಾರೆ. ಆ ಕೆಲಸ ಮಾತ್ರ ಹಾಳಾಗಬಾರದು. ದಯವಿಟ್ಟು ದಾರಿ ಹೇಳಿ.

ಕಪ್ಪು ಪರದೆ · ಭಾನುವಾರ ಬೆಳಿಗ್ಗೆ 8:15

ಮೊದಲು ಇನ್ನೇನೂ ಓಡಿಸಬೇಡಿ ಸರ್. ಈಗ ಇರುವ ಫೋಲ್ಡರನ್ನು ಹಾಗೇ ಇನ್ನೊಂದು ಹೆಸರಿನಲ್ಲಿ ಕಾಪಿ ಮಾಡಿ. ಪೆನ್‌ಡ್ರೈವ್‌ನಲ್ಲಿ ಇರುವುದನ್ನೂ ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿ, ಪೆನ್‌ಡ್ರೈವ್ ತೆಗೆದು ಬೇರೆ ಕಡೆ ಇಡಿ. ಹಾಳಾದ ಪ್ರತಿಯೂ ಬೇಕು. ಮೇಡಂ ತಿದ್ದಿದ 38 ಫೈಲ್ ಅದರಲ್ಲೇ ಇದೆ.

ಉಂಗುರ ಯಾಕೆ ಬಂತು ಅಂದರೆ, ನಿಮ್ಮ ಕೆಲವು ಫೈಲ್‌ನಲ್ಲಿ ‘ಗುಲ್ಬರ್ಗ’ ಇದೆ, ಕೆಲವದರಲ್ಲಿ ‘ಗುಲ್ಬರ್ಗಾ’ ಇದೆ. ನಮ್ಮ ಕಣ್ಣಿಗೆ ‘ಗಾ’ ಒಂದೇ ಅಕ್ಷರ. ಕಂಪ್ಯೂಟರ್‌ನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅದು ಎರಡು. ಗ ಒಂದು, ಇಳಿ ಇನ್ನೊಂದು. ನೀವು ಹೇಳಿದ್ದು ‘ಗುಲ್ಬರ್ಗ’ದವರೆಗೆ ಮಾತ್ರ. ಸೆಡ್ ಅಲ್ಲಿಯವರೆಗೆ ಕತ್ತರಿಸಿ ಕಲಬುರಗಿ ಅಂಟಿಸಿತು. ಇಳಿ ಅಲ್ಲೇ ಉಳಿಯಿತು. ಗ ಗುಡಿಸು ಗಿ ಆದ ಮೇಲೆ ಅದಕ್ಕೆ ಮತ್ತೆ ಇಳಿ ಹಾಕಿದರೆ ಯಾವ ಕಾಗುಣಿತದಲ್ಲೂ ಇಲ್ಲ. ಫಾಂಟ್ ಅದನ್ನು ಎಲ್ಲಿ ಕೂರಿಸಬೇಕು ಅಂತ ತಿಳಿಯದೆ ಉಂಗುರ ತೋರಿಸುತ್ತದೆ.

ಸೆಡ್ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮೆಕ್‌ಮಹನ್ 1973-74ರಲ್ಲಿ ಬರೆದದ್ದು. ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿದ್ದೇ 1991ರಲ್ಲಿ. ಈಗಿನ ಸೆಡ್ ಕನ್ನಡವನ್ನು ಚೆನ್ನಾಗಿಯೇ ಓದುತ್ತದೆ, ಆದರೆ ಅದಕ್ಕೆ ಗೊತ್ತಿರೋದು ಸಂಕೇತಗಳ ಸಾಲು ಮಾತ್ರ. ಪದ ಎಲ್ಲಿ ಮುಗಿಯಿತು ಅನ್ನೋದನ್ನು ನಾವೇ ಹೇಳಬೇಕು.

ಕಲಬುರಗಿ ತೊಗರಿ · ಭಾನುವಾರ ಬೆಳಿಗ್ಗೆ 9:02

ನಮ್ಮೂರಿನ ವಿಷಯ ಅಂತ ಬಂದೆ. ಬೆಂಗಳೂರಿಗೆ ಬಂದು 11 ವರ್ಷ ಆಯ್ತು ರೀ, ಯಶವಂತಪುರದಲ್ಲಿ ಇರ್ತೀನಿ.

ಇಳಿ ಒಂದೇ ಅಲ್ಲ, ವಿಭಕ್ತಿಯ ತೊಂದರೆಯೂ ಇದೆ. ಗುಲ್ಬರ್ಗ ಅಕಾರದಲ್ಲಿ ಮುಗಿಯುತ್ತದೆ, ಕಲಬುರಗಿ ಇಕಾರದಲ್ಲಿ. ಹೆಸರು ಬದಲಾದರೆ ಬಾಲವೂ ಬದಲಾಗಬೇಕು. ಗುಲ್ಬರ್ಗಕ್ಕೆ ಅನ್ನೋದು ಕಲಬುರಗಿಗೆ ಆಗಬೇಕು. ಗುಲ್ಬರ್ಗದ ಅನ್ನೋದು ಕಲಬುರಗಿಯ, ಗುಲ್ಬರ್ಗವನ್ನು ಅನ್ನೋದು ಕಲಬುರಗಿಯನ್ನು. ಬಿಜಾಪುರಕ್ಕೆ ಈ ತಾಪತ್ರಯ ಇಲ್ಲ. ಬಿಜಾಪುರ, ವಿಜಯಪುರ ಎರಡೂ ‘ಪುರ’ದಲ್ಲೇ ಮುಗಿಯುತ್ತವೆ. ಅದಕ್ಕೇ ಅಲ್ಲಿ ನಿಮಗೆ ತಪ್ಪು ಕಾಣಲಿಲ್ಲ.

ಸಂತೋಷದ ವಿಷಯ ಏನಂದರೆ ಇದಕ್ಕೆ ನೂರು ನಿಯಮ ಬೇಕಿಲ್ಲ. ದಲ್ಲಿ, ದಿಂದ, ದವರು, ದಂಥ, ದೊಳಗೆ, ಎಲ್ಲದರ ಶುರುವಿನಲ್ಲೂ ದ ಇದೆ. ಆ ದ ತೆಗೆದು ಯ ಇಟ್ಟರೆ ಯಲ್ಲಿ, ಯಿಂದ, ಯವರು, ಯಂಥ, ಯೊಳಗೆ ತಾವಾಗಿಯೇ ಆಗುತ್ತವೆ. ‘ದಿ’ಯಲ್ಲಿ ದ ಬೇರೆ, ಗುಡಿಸು ಬೇರೆ ಅಂತ ಮೇಲೆ ಹೇಳಿದರಲ್ಲ, ಇಲ್ಲಿ ಅದೇ ನಮ್ಮ ಅನುಕೂಲಕ್ಕೆ ಬರುತ್ತದೆ. ವನ್ನು, ವೂ, ವೆಂಬ, ಇವಕ್ಕೂ ವ ಜಾಗದಲ್ಲಿ ಯ. ಉಳಿದದ್ದು ಕ್ಕೆ ಒಂದೇ. ಅದನ್ನು ಗೆ ಮಾಡಿ. ಎಲ್ಲ ಮುಗಿದ ಮೇಲೆ ಕೊನೆಗೆ ಬರೀ ಹೆಸರು.

ಗಾಂಧಿಬಜಾರ್ ಗೂಡು · ಭಾನುವಾರ ಬೆಳಿಗ್ಗೆ 9:30

ತುಂಬಾ ಉಪಕಾರ ಆಯ್ತು. ಎರಡೂ ಪ್ರತಿ ಮಾಡಿಟ್ಟೆ. ಹಾಗಾದರೆ ಪೆನ್‌ಡ್ರೈವ್ ಪ್ರತಿಗೆ ಹೋಗದೆ ಈಗಿನದರಲ್ಲೇ ಮುಂದಕ್ಕೆ ತಿದ್ದಬಹುದಾ? ‘ಕಲಬುರಗಿದ’ ಇರುವ ಕಡೆ ‘ಕಲಬುರಗಿಯ’, ‘ಕಲಬುರಗಿಕ್ಕೆ’ ಇರುವ ಕಡೆ ‘ಕಲಬುರಗಿಗೆ’ ಅಂತ? ವಿಜಯಪುರ ಹೇಗೂ ಸರಿಯಾಗಿದೆ.

ದೇವನಹಳ್ಳಿ ದ್ರಾಕ್ಷಿ · ಭಾನುವಾರ ಬೆಳಿಗ್ಗೆ 10:10

ಸರ್, ವಿಜಯಪುರ ಸರಿಯಾಗಿದೆ ಅಂತ ಅಷ್ಟು ಬೇಗ ಅಂದುಕೊಳ್ಳಬೇಡಿ. ನಮ್ಮೂರು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಬೆಂಗಳೂರು ಗ್ರಾಮಾಂತರ ಜಿಲ್ಲೆ. ನಮ್ಮೂರಿಗೆ ಈ ಹೆಸರು 2014ಕ್ಕೂ ಮುಂಚಿನಿಂದಲೇ ಇದೆ. ನಿಮ್ಮ ಸಂತೆ, ಜಾತ್ರೆ ಬರಹಗಳಲ್ಲಿ ನಮ್ಮೂರು ಇಲ್ಲದೆ ಇರುತ್ತದಾ? ಈಗ ಎರಡೂ ಊರು ಒಂದೇ ಹೆಸರಲ್ಲಿ ಬೆರೆತು ಹೋಗಿವೆ. ಯಾವ ವಿಜಯಪುರ ನಿಮ್ಮ ಸೆಡ್ ಮಾಡಿದ್ದು, ಯಾವುದು ಮೊದಲಿನಿಂದ ಇದ್ದದ್ದು ಅಂತ ಫೈಲ್ ನೋಡಿ ಹೇಳೋದಕ್ಕೆ ಆಗಲ್ಲ.

ಇನ್ನೊಂದು. ಛತ್ತೀಸ್‌ಗಢದಲ್ಲಿ ಬಿಜಾಪುರ ಅಂತ ಜಿಲ್ಲೆಯೇ ಇದೆ. ಅದು ಈಗಲೂ ಬಿಜಾಪುರವೇ. ಪ್ರವಾಸದ ಬರಹದಲ್ಲಿ ಅದು ಬಂದಿದ್ದರೆ ಅದೂ ವಿಜಯಪುರ ಆಗಿರುತ್ತದೆ.

ಕಪ್ಪು ಪರದೆ · ಭಾನುವಾರ ಬೆಳಿಗ್ಗೆ 10:45

ದ್ರಾಕ್ಷಿ ಅವರು ಹೇಳಿದ್ದು ಈ ಚರ್ಚೆಯಲ್ಲೇ ಮುಖ್ಯವಾದ ಮಾತು. ‘ಕಲಬುರಗಿಾ’ ನೋಡಿ ನೀವು ಗಾಬರಿಯಾದಿರಿ. ಆದರೆ ಅದು ಸುಲಭವಾಗಿ ಸರಿಹೋಗುವ ತಪ್ಪು. ಆ ರೂಪ ಕನ್ನಡದಲ್ಲಿ ಬೇರೆಲ್ಲೂ ಬರೋದಿಲ್ಲ. ಹಾಗಾಗಿ ಹುಡುಕಿದರೆ ನಿಮ್ಮ ತಪ್ಪು ಮಾತ್ರ ಸಿಗುತ್ತದೆ. ‘ಕಲಬುರಗಿಕ್ಕೆ’ ಕೂಡ ಹಾಗೇ. ವಿಜಯಪುರ ಹಾಗಲ್ಲ. ಅದು ನೋಡೋದಕ್ಕೆ ಚೆನ್ನಾಗಿಯೇ ಇದೆ, ಗುರುತೇ ಇಲ್ಲ. ತಿರುಗಿಸಿ ವಿಜಯಪುರವನ್ನು ಬಿಜಾಪುರ ಮಾಡಿದರೆ ದೇವನಹಳ್ಳಿ ಪಕ್ಕದ ಊರೂ ಬಿಜಾಪುರ ಆಗುತ್ತದೆ.

ಹಾಗಾಗಿ ಹೀಗೆ ಮಾಡಿ. ಮೇಡಂ ಮುಟ್ಟದ 2,274 ಫೈಲ್‌ಗಳನ್ನು ಪೆನ್‌ಡ್ರೈವ್ ಪ್ರತಿಯಿಂದಲೇ ವಾಪಸ್ ತನ್ನಿ. ಉಳಿದ 38ಕ್ಕೆ ಮಾತ್ರ ಕೈಕೆಲಸ. ಆ 38ರ ಹಳೆಯ ಪ್ರತಿಗಳಲ್ಲಿ ಬಿಜಾಪುರ ಎಷ್ಟರಲ್ಲಿದೆ ಅಂತ, ಫೈಲ್ ಒಳಗೆ ಪದ ಹುಡುಕುವ ಗ್ರೆಪ್‌ಗೆ ಸಣ್ಣ ಎಲ್ ಕೊಟ್ಟು ನೋಡಿ. ಸಿಕ್ಕ ಫೈಲ್‌ಗಳನ್ನು ಮಾತ್ರ ಡಿಫ್‌ನಲ್ಲಿ ಹಳೆಯದು ಹೊಸದು ಅಕ್ಕಪಕ್ಕ ಇಟ್ಟು ಓದಿ. ಕಲಬುರಗಿಯದನ್ನು ನೀವು ಹೇಳಿದ ಹಾಗೆ ಮುಂದಕ್ಕೇ ತಿದ್ದಬಹುದು.

ವಾಪಸ್ ತಂದ ಕೂಡಲೇ ಆ ಫೋಲ್ಡರ್‌ನಲ್ಲಿ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಶುರು ಮಾಡಿ, ಒಂದು ಕಮಿಟ್ (ಆ ಹೊತ್ತಿನ ಸ್ಥಿತಿಯ ದಾಖಲೆ) ಹಾಕಿ. ಮುಂದೆ ಏನೇ ಮಾಡಿದರೂ ಯಾವ ಸಾಲು ಬದಲಾಯ್ತು ಅಂತ ಕಾಣುತ್ತದೆ, ಬೇಡ ಅಂದರೆ ಹಿಂದಕ್ಕೆ ಹೋಗಬಹುದು. ಆದರೆ ಆಮೇಲೆ ಫೈಂಡ್ ಓಡಿಸುವಾಗ ಎಚ್ಚರ. ಗಿಟ್ ತನ್ನ ಲೆಕ್ಕವನ್ನೆಲ್ಲ ಚುಕ್ಕಿಯಿಂದ ಶುರುವಾಗುವ ಒಂದು ಅಡಗಿದ ಫೋಲ್ಡರ್‌ನಲ್ಲಿ ಇಡುತ್ತದೆ. ಸೆಡ್ ಅದರೊಳಗೆ ಹೊಕ್ಕು ಬದಲಿಸಿದರೆ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿಹೋಗುತ್ತದೆ. ಅದನ್ನು ಬಿಟ್ಟು ಹುಡುಕು ಅಂತ ಹೇಳಲೇಬೇಕು.

ಗಾಂಧಿಬಜಾರ್ ಗೂಡು · ಭಾನುವಾರ ಮಧ್ಯಾಹ್ನ 1:20

2,274 ವಾಪಸ್ ಬಂತು. 38ರಲ್ಲಿ ಐದೇ ಫೈಲ್‌ನಲ್ಲಿ ಬಿಜಾಪುರ ಇತ್ತು. ಐದನ್ನೂ ಓದಿ ಸರಿ ಮಾಡಿದೆ. ಮೇಡಂ ತಿದ್ದಿದ್ದು ಒಂದಕ್ಷರವೂ ಹೋಗಿಲ್ಲ. ಈಗ ಊಟ ಸೇರುತ್ತದೆ.

ಹಳೆಯ ಪ್ರತಿಯಲ್ಲಿ ವಿಜಯಪುರ ಅಂತ ಹುಡುಕಿದೆ. 14 ಸಾಲು ಸಿಕ್ಕವು. ಅದರಲ್ಲಿ ಒಂಬತ್ತು ದೇವನಹಳ್ಳಿ ಕಡೆಯದೇ. ದ್ರಾಕ್ಷಿ ಅವರೇ, ನಿಮ್ಮೂರಿನ ಸಂತೆಯ ಮೇಲೆ ಎರಡು ಪುಟದ ಒಂದು ಬರಹವೇ ಇದೆ. ನೀವು ಹೇಳದಿದ್ದರೆ ಅದು ಉತ್ತರ ಕರ್ನಾಟಕದ ಪಟ್ಟಿಗೆ ಸೇರಿಹೋಗುತ್ತಿತ್ತು.

ಈಗ ಹೊಸದಾಗಿ ಸರಿಯಾಗಿ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಪ್ರೂಫ್ ಪೆನ್ಸಿಲ್ · ಭಾನುವಾರ ಮಧ್ಯಾಹ್ನ 2:05

ಕಮ್ಯಾಂಡಿಗೆ ಮುಂಚೆ ನನ್ನದೊಂದು ಮಾತು ಕೇಳಿ. ಚಾಮರಾಜಪೇಟೆಯ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷ ಪ್ರೂಫ್ ನೋಡಿದವಳು ನಾನು.

ಬರೆದವರ ಮಾತನ್ನು ನೀವು ಬದಲಿಸಬೇಕಾ? 1960ರಲ್ಲಿ ಒಬ್ಬರು ‘ಗುಲ್ಬರ್ಗಕ್ಕೆ ಹೊರಟೆ’ ಅಂತ ಬರೆದಿದ್ದರೆ ಅವರು ಹೊರಟಿದ್ದು ಗುಲ್ಬರ್ಗಕ್ಕೇ. ಆಗ ಈ ರಾಜ್ಯದ ಹೆಸರು ಮೈಸೂರು. 1973ರ ನವೆಂಬರ್ 1ಕ್ಕೆ ಕರ್ನಾಟಕ ಆಯಿತು. ಹಾಗಂತ ಹಳೆಯ ಬರಹದಲ್ಲಿ ಮೈಸೂರು ರಾಜ್ಯ ಇರುವ ಕಡೆಯೆಲ್ಲ ಕರ್ನಾಟಕ ಅಂತ ಹಾಕುತ್ತೀರಾ? ಬಿಜಾಪುರದ ಆದಿಲ್‌ಶಾಹಿ ಅಂತ ಇದ್ದರೆ ಅದನ್ನೂ ವಿಜಯಪುರದ ಆದಿಲ್‌ಶಾಹಿ ಮಾಡುತ್ತೀರಾ? ಹುಡುಕಲು ಸುಲಭವಾಗಲಿ ಅನ್ನೋದು ಒಳ್ಳೆಯ ಉದ್ದೇಶ. ಅದಕ್ಕೆ ಮೇಲಿನ ‘ಊರು:’ ಸಾಲು ಇದೆಯಲ್ಲ. ಅಲ್ಲಿ ಹೊಸ ಹೆಸರು ಇಡಿ, ಪಕ್ಕದಲ್ಲಿ ಹಳೆಯದನ್ನೂ ಇಡಿ. ನಿಮ್ಮ ಪರಿಚಯದ ಸಾಲುಗಳನ್ನು ಬೇಕಾದ ಹಾಗೆ ತಿದ್ದಿ, ಅವು ನಿಮ್ಮವು. ಗೆರೆಯ ಕೆಳಗಿನದು ನಿಮ್ಮದಲ್ಲ.

ಕಲಬುರಗಿ ತೊಗರಿ · ಭಾನುವಾರ ಮಧ್ಯಾಹ್ನ 2:30

ಅಕ್ಕ, ನೀವು ಹೇಳಿದ್ದು ಸರಿ. ನಮ್ಮ ಊರಿನ ಹೊಸ ಹೆಸರು ನನಗೆ ಇಷ್ಟ. ಆದರೂ ನಮ್ಮ ಅಜ್ಜ ಬರೆದ ಕಾಗದಗಳಲ್ಲಿ ಗುಲ್ಬರ್ಗ ಅಂತಲೇ ಇದೆ, ಅದನ್ನು ಯಾರಾದರೂ ತಿದ್ದಿದರೆ ನನಗೆ ಬೇಸರ ಆಗುತ್ತದೆ. ಗುಲ್ಬರ್ಗ ವಿಶ್ವವಿದ್ಯಾಲಯ 1980ರಲ್ಲಿ ಶುರುವಾದದ್ದು, ಅದರ ಹೆಸರು ಇವತ್ತಿಗೂ ಗುಲ್ಬರ್ಗ ವಿಶ್ವವಿದ್ಯಾಲಯವೇ. ಪರಿಚಯದ ಸಾಲಿನಲ್ಲಿ ಅದು ಬಂದರೆ ಬಿಟ್ಟುಬಿಡಿ. ಊರ ಹೆಸರೇ ಅಡ್ಡಹೆಸರಾಗಿರುವವರು ನಮ್ಮ ಕಡೆ ಜಾಸ್ತಿ, ಅವರನ್ನೂ ನೋಡಿಕೊಳ್ಳಿ.

ಗಾಂಧಿಬಜಾರ್ ಗೂಡು · ಭಾನುವಾರ ಸಂಜೆ 4:50

ಮೇಡಂ ಮನೆಗೆ ಹೋಗಿ ಮಾತಾಡಿ ಬಂದೆ. ಅವರೂ ಇದನ್ನೇ ಹೇಳಿದರು. ಗೆರೆಯ ಕೆಳಗೆ ಕೈ ಹಾಕಲ್ಲ. ಮೇಲಿನ ಭಾಗ ಮಾತ್ರ ಬದಲಿಸುತ್ತೇವೆ. ಆದರೆ 2,312 ಫೈಲ್‌ನಲ್ಲಿ ಮೇಲಿನ ಭಾಗ ಮಾತ್ರ ಅಂತ ಸೆಡ್‌ಗೆ ಹೇಳೋದು ಹೇಗೆ?

ಕಪ್ಪು ಪರದೆ · ಭಾನುವಾರ ಸಂಜೆ 5:25

ಅದು ಸೆಡ್‌ಗೆ ಬಹಳ ಚೆನ್ನಾಗಿ ಬರುತ್ತದೆ. ನಿಯಮದ ಮುಂದೆ ವಿಳಾಸ ಬರೆಯಬಹುದು. ಒಂದನೇ ಸಾಲಿನಿಂದ ಅಡ್ಡಗೆರೆಯಿಂದ ಶುರುವಾಗುವ ಸಾಲಿನವರೆಗೆ ಅಂತ: 1,/^----/. ಅದಾದ ಮೇಲೆ ನಿಯಮ. ಹೈಫನ್ ಐ ಇದ್ದಾಗ ಪ್ರತಿ ಫೈಲ್‌ಗೂ ಸಾಲಿನ ಎಣಿಕೆ ಹೊಸದಾಗಿ ಒಂದರಿಂದ ಶುರುವಾಗುತ್ತದೆ. ಹಾಗಾಗಿ ಎಷ್ಟು ಫೈಲ್ ಒಟ್ಟಿಗೆ ಕೊಟ್ಟರೂ ತೊಂದರೆ ಇಲ್ಲ. ಆದರೆ ಯಾವುದಾದರೂ ಫೈಲ್‌ನಲ್ಲಿ ಅಡ್ಡಗೆರೆಯೇ ಇಲ್ಲದಿದ್ದರೆ ಕೊನೆಯವರೆಗೂ ಬದಲಾಗುತ್ತದೆ. ಗ್ರೆಪ್‌ಗೆ ದೊಡ್ಡ ಎಲ್ ಕೊಟ್ಟರೆ ಗೆರೆ ಇಲ್ಲದ ಫೈಲ್‌ಗಳ ಪಟ್ಟಿ ಕೊಡುತ್ತದೆ. ಮೊದಲು ಅದನ್ನು ನೋಡಿ.

ನಿಯಮ ಬರೆಯುವ ಮುಂಚೆ ಇನ್ನೊಂದು ಕೆಲಸ ಮಾಡಿ, ಇದನ್ನು ಮಾತ್ರ ಬಿಡಬೇಡಿ. ಗ್ರೆಪ್‌ಗೆ ಸಣ್ಣ ಆರ್, ಎಚ್, ಓ ಮೂರೂ ಕೊಟ್ಟು ‘ಗುಲ್ಬರ್ಗ’ ಮತ್ತು ಅದರ ಮುಂದೆ ಖಾಲಿ ಜಾಗ ಬರುವವರೆಗೆ ಏನಿದೆಯೋ ಅದೆಲ್ಲ ಅಂತ ಹುಡುಕಿ. ಬಂದದ್ದನ್ನು ಪೈಪ್‌ನಲ್ಲಿ, ಸಾಲಾಗಿ ಜೋಡಿಸುವ ಸಾರ್ಟ್‌ಗೆ, ಅಲ್ಲಿಂದ ಒಂದೇ ಥರದ್ದನ್ನು ಸೇರಿಸಿ ಎಣಿಸಲು ಯೂನಿಕ್‌ಗೆ ಸಣ್ಣ ಸಿ ಜೊತೆ ಕಳಿಸಿ. ನಿಮ್ಮ ಫೈಲ್‌ಗಳಲ್ಲಿ ಆ ಪದ ಎಷ್ಟು ರೂಪದಲ್ಲಿ ಇದೆ, ಒಂದೊಂದೂ ಎಷ್ಟು ಸಲ ಇದೆ ಅಂತ ಒಂದು ಪುಟದಲ್ಲಿ ಬರುತ್ತದೆ. ಅದನ್ನು ಪ್ರಿಂಟ್ ಮಾಡಿ ಮೇಡಂ ಕೈಗೆ ಕೊಡಿ. ಅವರು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಏನಾಗಬೇಕು ಅಂತ ಬರೆಯಲಿ. ಆ ಕಾಗದವೇ ನಿಮ್ಮ ನಿಯಮ.

ಅದನ್ನು ಒಂದು ಫೈಲ್‌ನಲ್ಲಿ ಸಾಲಾಗಿ ಬರೆದು ಸೆಡ್‌ಗೆ ಹೈಫನ್ ಎಫ್ ಹಾಕಿ ಕೊಡಿ. ವಿಶ್ವವಿದ್ಯಾಲಯದ ಹೆಸರನ್ನು ಮೊದಲ ನಿಯಮದಲ್ಲಿ @@1@@ ಅಂತ ಏನಾದರೂ ಮಾಡಿ ಬಚ್ಚಿಡಿ, ಕೊನೆಯ ನಿಯಮದಲ್ಲಿ ವಾಪಸ್ ತನ್ನಿ. ಪರ್ಲ್ ಭಾಷೆಯಲ್ಲಿ ಆದರೆ ‘ಮುಂದೆ ವಿಶ್ವವಿದ್ಯಾಲಯ ಇಲ್ಲದಿದ್ದರೆ ಮಾತ್ರ’ ಅಂತ ನೇರವಾಗಿ ಹೇಳಬಹುದು. ಸೆಡ್‌ನಲ್ಲಿ ಅದಿಲ್ಲ.

ಮಲ್ಲೇಶ್ವರ ಮ್ಯಾಕ್ · ಭಾನುವಾರ ಸಂಜೆ 6:10

ನಿಮ್ಮ ತಂಡದಲ್ಲಿ ಯಾರಾದರೂ ಮ್ಯಾಕ್ ಬಳಸುತ್ತಿದ್ದರೆ ಒಂದು ಸೂಚನೆ. ಅಲ್ಲಿನ ಸೆಡ್ ಬಿಎಸ್‌ಡಿ ಅನ್ನೋ ಬೇರೆ ಯುನಿಕ್ಸ್ ಕಡೆಯದು. ಹೈಫನ್ ಐ ಆದ ಮೇಲೆ ಹಳೆಯ ಪ್ರತಿಯ ಹೆಸರಿಗೆ ಸೇರಿಸಬೇಕಾದ ಬಾಲವನ್ನು ಕೇಳುತ್ತದೆ. ಬೇಡ ಅಂದರೂ ಖಾಲಿ ಉಲ್ಲೇಖ ಚಿಹ್ನೆ ಹಾಕಲೇಬೇಕು. ಇಲ್ಲದಿದ್ದರೆ ನಿಮ್ಮ ನಿಯಮವನ್ನೇ ಬಾಲ ಅಂತ ತಿಳಿದು ಬೇರೆ ಏನೋ ಹೇಳುತ್ತದೆ. ಮತ್ತೆ, ಫೈಲ್ ಹೆಸರಿನ ಮಧ್ಯೆ ಖಾಲಿ ಜಾಗ ಇದ್ದರೆ, ಫೈಂಡ್ ಕೊಟ್ಟ ಹೆಸರುಗಳನ್ನು ಸೆಡ್‌ಗೆ ದಾಟಿಸುವ ಎಕ್ಸ್‌ಆರ್ಗ್ಸ್ ಅದನ್ನು ಎರಡು ಹೆಸರು ಅಂತ ತಿಳಿಯುತ್ತದೆ. ಫೈಂಡ್‌ಗೆ ಪ್ರಿಂಟ್ ಸೊನ್ನೆ, ಎಕ್ಸ್‌ಆರ್ಗ್ಸ್‌ಗೆ ಹೈಫನ್ ಸೊನ್ನೆ, ಎರಡನ್ನೂ ಜೊತೆಯಾಗಿ ಕೊಡಿ.

ಗಾಂಧಿಬಜಾರ್ ಗೂಡು · ಮಂಗಳವಾರ ರಾತ್ರಿ 9:15

ಪಟ್ಟಿ ತೆಗೆದೆ. 23 ರೂಪ ಬಂದವು! ಗುಲ್ಬರ್ಗ, ಗುಲ್ಬರ್ಗಾ ಅಲ್ಲದೆ ‘ಗುಲಬರ್ಗಾ’ ಅಂತ ಲ ಪೂರ್ತಿ ಬರೆದದ್ದೂ ಇದೆ ಅಂತ ಮೇಡಂ ನೆನಪಿಸಿದರು, ಅದನ್ನು ಬೇರೆಯಾಗಿ ಹುಡುಕಿದೆ. ಮೇಡಂ ಎಲ್ಲಕ್ಕೂ ಪೆನ್ಸಿಲ್ ಹಾಕಿ ಕೊಟ್ಟಿದ್ದಾರೆ.

ಆದರೆ ಶಿಮೊಗ್ಗ ಹುಡುಕಿದಾಗ ಒಂದು ವಿಚಿತ್ರ ಆಯ್ತು. ಒಂದು ಫೈಲ್ ತೆಗೆದರೆ ಕಣ್ಣೆದುರೇ ಶಿಮೊಗ್ಗ ಇದೆ. ಗ್ರೆಪ್ ಮಾತ್ರ ಇಲ್ಲ ಅನ್ನುತ್ತದೆ.

ಕಪ್ಪು ಪರದೆ · ಮಂಗಳವಾರ ರಾತ್ರಿ 9:50

‘ಮೊ’ ನೋಡಿ. ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಏತ್ವ ಮತ್ತು ಕೊಂಬಿನ ದೀರ್ಘ ಅಂತ ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಗ್ರೆಪ್‌ಗೆ ಎರಡೂ ಬೇರೆ. ಕೀ, ಕೇ, ಕೈ, ಕೊ, ಕೋ, ಈ ಐದರಲ್ಲೂ ಹೀಗಾಗಬಹುದು. ಬೇರೆ ಬೇರೆ ಕೀಬೋರ್ಡ್, ಬೇರೆ ಬೇರೆ ಕನ್ವರ್ಟರ್ ಬಳಸಿದವರ ಫೈಲ್ ಒಟ್ಟಿಗೆ ಇದ್ದರೆ ಇದು ಬಂದೇ ಬರುತ್ತದೆ. ಐಸಿಯು ಅನ್ನೋ ಯೂನಿಕೋಡ್ ತಂತ್ರಾಂಶದ ಜೊತೆ ಬರುವ ಯುಕಾನ್ವ್‌ನಲ್ಲಿ ಎಲ್ಲ ಫೈಲ್‌ಗಳನ್ನೂ ಎನ್‌ಎಫ್‌ಸಿ ಅನ್ನೋ ಜೋಡಿಸಿದ ರೂಪಕ್ಕೆ ತನ್ನಿ. ಎರಡಾಗಿದ್ದದ್ದು ಒಂದಾಗುತ್ತದೆ. ಅಕ್ಷರ ಬದಲಾಗೋದಿಲ್ಲ, ಹಾಗಾಗಿ ಇದನ್ನು ಗೆರೆಯ ಕೆಳಗೂ ಮಾಡಬಹುದು. ಇದನ್ನು ಬೇರೆ ಕಮಿಟ್ ಆಗಿ ಹಾಕಿ, ಊರ ಹೆಸರಿನ ಬದಲಾವಣೆ ಜೊತೆ ಬೆರೆಸಬೇಡಿ.

ಹಾಗೇ ಪದದ ಒಳಗೆ ಕಾಣದ ಜೋಡಣೆ ಗುರುತುಗಳು ಇರುತ್ತವೆ. ‘ಆದಿಲ್‌ಶಾಹಿ’ಯಲ್ಲಿ ಲ್ ಆದ ಮೇಲೆ ಒತ್ತಕ್ಷರ ಆಗದಂತೆ ತಡೆಯುವ ಒಂದು ಗುರುತು ಇದೆ. ಕೆಲವರು ಹಾಕುತ್ತಾರೆ, ಕೆಲವರು ಹಾಕಲ್ಲ. ಎನ್‌ಎಫ್‌ಸಿ ಅದನ್ನು ಮುಟ್ಟೋದಿಲ್ಲ, ನೀವೇ ನೋಡಬೇಕು.

ಗಾಂಧಿಬಜಾರ್ ಗೂಡು · ಮಂಗಳವಾರ ರಾತ್ರಿ 10:05

ಇನ್ನು 60 ಫೈಲ್‌ನಲ್ಲಿ ಕನ್ನಡವೇ ಕಾಣುತ್ತಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಬೆರೆತ ಹಾಗಿದೆ. ಟೈಪ್ ಮಾಡಿದವರು ನುಡಿ ತಂತ್ರಾಂಶ ಬಳಸಿದ್ದೆ ಅಂದರು.

ಪ್ರೂಫ್ ಪೆನ್ಸಿಲ್ · ಮಂಗಳವಾರ ರಾತ್ರಿ 10:20

ಅವು ಯೂನಿಕೋಡ್ ಅಲ್ಲದ ಹಳೆಯ ಫಾಂಟ್ ಲೆಕ್ಕದ ಫೈಲ್‌ಗಳು. ನಮ್ಮ ಮುದ್ರಣಾಲಯದಲ್ಲೂ ಇವೇ ಇದ್ದವು. ಆ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಒಳಗೆ ಇರೋದು ಬೇರೆ. ಇವುಗಳ ಮೇಲೆ ಯಾವ ನಿಯಮವನ್ನೂ ಓಡಿಸಬೇಡಿ. ಬೇರೆ ಫೋಲ್ಡರ್‌ಗೆ ಹಾಕಿ, ಯೂನಿಕೋಡ್‌ಗೆ ತಿರುಗಿಸಿ, ಒಂದು ಸಲ ಓದಿ ನೋಡಿ, ಆಮೇಲೆ ಸೇರಿಸಿ. ತಿರುಗಿಸುವಾಗ ಅರ್ಕಾವತ್ತು ಜಾಗ ತಪ್ಪಿರುತ್ತದೆ, ಅದನ್ನು ವಿಶೇಷವಾಗಿ ನೋಡಿ. ‘ಗುಲ್ಬರ್ಗ’ದಲ್ಲೇ ಅರ್ಕಾವತ್ತು ಇದೆ, ಅಲ್ವಾ.

ಗಾಂಧಿಬಜಾರ್ ಗೂಡು · ಗುರುವಾರ ರಾತ್ರಿ 11:30

ಮತ್ತೆ ತೊಂದರೆ. ಮೂರು ಫೈಲ್ ಇಟ್ಟು ಪರೀಕ್ಷೆ ಮಾಡಿದಾಗ ನಿಯಮಗಳೆಲ್ಲ ಸರಿಯಾಗಿದ್ದವು. ರಾತ್ರಿ ತಾನಾಗಿ ಓಡಲಿ ಅಂತ ಕ್ರಾನ್‌ನಲ್ಲಿ ಇಟ್ಟೆ, ಮೊದಲು ಕಾಪಿಯ ಮೇಲೆ. ‘ಕಲಬುರಗಿಯ’ ಆದ ಮೇಲೆ ಕಪ್ಪು ಪ್ರಶ್ನೆ ಗುರುತುಗಳು ಬಂದಿವೆ. ಅದೇ ನಿಯಮ, ಅದೇ ಫೈಲ್. ‘ಗುಲ್ಬರ್ಗಾ*[ದವ]’ ಇರುವ ಕಡೆ ‘ಕಲಬುರಗಿಯ’ ಅಂತ ಬರೆದಿದ್ದೆ.

ಕಪ್ಪು ಪರದೆ · ಶುಕ್ರವಾರ ಬೆಳಿಗ್ಗೆ 6:50

ಕಾಪಿಯ ಮೇಲೆ ಓಡಿಸಿದ್ದು ಒಳ್ಳೆಯದಾಯಿತು. ನಿಮ್ಮ ಟರ್ಮಿನಲ್‌ನಲ್ಲಿ ಲೊಕೇಲ್ (ಭಾಷೆ, ಅಕ್ಷರಗಳ ಸೆಟ್ಟಿಂಗ್) ಯುಟಿಎಫ್-8, ಅಂದರೆ ಯೂನಿಕೋಡ್ ಇದೆ. ಕ್ರಾನ್‌ನಲ್ಲಿ ಸಾಮಾನ್ಯವಾಗಿ ಅದು ಇರೋದಿಲ್ಲ, ಸಿ ಲೊಕೇಲ್ ಆಗಿಬಿಡುತ್ತದೆ. ಅಲ್ಲಿ ಸೆಡ್‌ಗೆ ಅಕ್ಷರ ಕಾಣೋದಿಲ್ಲ, ಬೈಟ್ ಮಾತ್ರ. ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್. ನೀವು [ದವ] ಅಂತ ಬರೆದಿದ್ದೀರಿ. ದ ಅಥವಾ ವ ಅನ್ನೋದು ನಿಮ್ಮ ಅರ್ಥ. ಸಿ ಲೊಕೇಲ್‌ನಲ್ಲಿ ಅದು ಆ ಬೈಟ್‌ಗಳಲ್ಲಿ ಯಾವುದಾದರೂ ಒಂದು ಅಂತ ಆಗುತ್ತದೆ. ದ, ವ ಮಾತ್ರವಲ್ಲ, ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ. ಅದು ಆ ಒಂದು ಬೈಟನ್ನು ಕಿತ್ತು ಯ ಇಟ್ಟಿತು. ಉಳಿದ ಎರಡು ಬೈಟ್ ಅನಾಥವಾದವು. ನಿಮಗೆ ಕಾಣುತ್ತಿರುವ ಪ್ರಶ್ನೆ ಗುರುತು ಅವೇ.

‘ಗಾ*’ ಅಂತ ಬರೆದದ್ದೂ ಹಾಗೇ. ಯುಟಿಎಫ್-8ನಲ್ಲಿ ನಕ್ಷತ್ರ ಇಳಿಗೆ ಸೇರುತ್ತದೆ, ಅಂದರೆ ಇಳಿ ಇದ್ದರೂ ಸರಿ ಇಲ್ಲದಿದ್ದರೂ ಸರಿ. ಸಿ ಲೊಕೇಲ್‌ನಲ್ಲಿ ಇಳಿಯ ಕೊನೆಯ ಬೈಟ್‌ಗೆ ಮಾತ್ರ ಸೇರುತ್ತದೆ, ಇಳಿಯೂ ಬಾಲವೂ ಇಲ್ಲದ ಬರೀ ‘ಗುಲ್ಬರ್ಗ’ ಸಿಗುವುದೇ ಇಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲೇ ಲೊಕೇಲ್ ಯುಟಿಎಫ್-8 ಅಂತ ಬರೆದುಬಿಡಿ. ಇಂಥ ಕೆಲಸವನ್ನು ಕ್ರಾನ್‌ಗೆ ಬಿಡದೆ, ಎದುರಿಗೆ ಕೂತು ಓಡಿಸಿದರೆ ಇನ್ನೂ ಒಳ್ಳೆಯದು.

ಗಾಂಧಿಬಜಾರ್ ಗೂಡು · ಭಾನುವಾರ ಮಧ್ಯಾಹ್ನ 12:40

ಇವತ್ತು ಬೆಳಿಗ್ಗೆ ಮೇಡಂ ಮನೆಯಲ್ಲೇ ಕೂತು ಓಡಿಸಿದೆವು. ಮೊದಲು ಎನ್‌ಎಫ್‌ಸಿ, ಕಮಿಟ್. ಆಮೇಲೆ ಗೆರೆ ಇಲ್ಲದ ಏಳು ಫೈಲ್‌ಗೆ ಕೈಯಲ್ಲೇ ಗೆರೆ ಹಾಕಿದೆವು, ಕಮಿಟ್. ಆಮೇಲೆ ಊರ ಹೆಸರು. ಬಿಜಾಪುರಕ್ಕೆ ನಿಯಮ ಬರೆಯಲೇ ಇಲ್ಲ. ಮೇಲಿನ ಭಾಗದಲ್ಲಿ 61 ಸಾಲು ಇದ್ದವು, ಒಂದೊಂದನ್ನೂ ಓದಿ ಬದಲಿಸಿದೆವು. ಎರಡು ಛತ್ತೀಸ್‌ಗಢದ್ದು, ಹಾಗೇ ಬಿಟ್ಟೆವು.

ಗಿಟ್ ಡಿಫ್ ತೆಗೆದು, ಬದಲಾದ ಪ್ರತಿ ಸಾಲನ್ನೂ ನಾನು ಜೋರಾಗಿ ಓದಿದೆ, ಮೇಡಂ ಕೇಳಿದರು. 417 ಫೈಲ್. ಮೂರು ಗಂಟೆ ಹಿಡಿಯಿತು. ಎರಡು ಕಡೆ ಮಾತ್ರ ನಿಲ್ಲಿಸಿದರು. ಎರಡೂ ಅಡ್ಡಹೆಸರು. ತೊಗರಿ ಅವರೇ, ನೀವು ಹೇಳಿದ್ದೇ.

ದೇವನಹಳ್ಳಿಯ ವಿಜಯಪುರಕ್ಕೆ ‘ಊರು:’ ಸಾಲಿನಲ್ಲಿ ತಾಲ್ಲೂಕಿನ ಹೆಸರನ್ನೂ ಸೇರಿಸಿದ್ದೇವೆ. ನುಡಿಯ 60 ಫೈಲ್ ಬೇರೆ ಫೋಲ್ಡರ್‌ನಲ್ಲಿವೆ, ಪ್ರೂಫ್ ಪೆನ್ಸಿಲ್ ಅವರು ಮುಂದಿನ ವಾರ ಗಾಂಧಿಬಜಾರಿಗೆ ಬಂದು ನೋಡುತ್ತೇನೆ ಅಂದಿದ್ದಾರೆ.

ಮೇಡಂ ಊಟ ಮುಗಿಸಿ 39ನೇ ಫೈಲ್ ತೆಗೆದಿದ್ದಾರೆ.